ಫೋನ್ ರಿಂಗ್ ಆಗುತ್ತೆ, ದನಿ ಮಾತ್ರ ಬರಲ್ಲ: ಫೈರ್‌ವಾಲ್‌ನಲ್ಲಿ ವಾಯ್ಸ್, ವಿಡಿಯೋ ಇನ್‌ಸ್ಪೆಕ್ಷನ್

ಮೂವತ್ತು ಜನರ ಒಂದು ಆಫೀಸಿನಲ್ಲಿ ಹಳೆಯ ಇಪಿಎಬಿಎಕ್ಸ್ ತೆಗೆದು ಐಪಿ ಫೋನ್ ಹಾಕಿದ್ದೆವು. ಮಾರನೆಯ ದಿನ ಬೆಳಿಗ್ಗೆ ಮೊದಲ ಕರೆ ಬಂತು. ಫೋನ್ ರಿಂಗ್ ಆಯ್ತು, ಸ್ಕ್ರೀನಿನ ಮೇಲೆ ನಂಬರ್ ಕಾಣಿಸಿತು, ರಿಸೆಪ್ಷನ್ನಿನಲ್ಲಿದ್ದವರು ಎತ್ತಿ "ನಮಸ್ಕಾರ, ಹೇಳಿ" ಅಂದರು. ಆ ಕಡೆಯಿಂದ ಸದ್ದೇ ಇಲ್ಲ. ಮತ್ತೆ ಹಲೋ, ಮತ್ತೆ ಹಲೋ, ಕೊನೆಗೆ ಇಟ್ಟುಬಿಟ್ಟರು. ಎರಡು ನಿಮಿಷ ಬಿಟ್ಟು ಅದೇ ಗ್ರಾಹಕರು ಮೊಬೈಲಿಗೆ ಫೋನ್ ಮಾಡಿ, "ನಾನು ಅಷ್ಟು ಹೊತ್ತು ಮಾತಾಡ್ತಾನೇ ಇದ್ದೆ, ನೀವು ಬರೀ ಹಲೋ ಹಲೋ ಅಂತಿದ್ರಲ್ಲ" ಎಂದರು.

ನಮ್ಮ ದನಿ ಅವರಿಗೆ ಹೋಗಿದೆ, ಅವರ ದನಿ ನಮಗೆ ಬಂದಿಲ್ಲ. ಇಂಟರ್ನೆಟ್ ಫೋನ್ ಹಾಕಿಸಿದವರು ಒಮ್ಮೆಯಾದರೂ ಇದನ್ನು ಕಂಡಿರುತ್ತಾರೆ. ಹುಡುಕಿದರೆ ಸಿಗುವ ಸಲಹೆ ಎರಡು ಬಗೆ. ಕೆಲವರು "ಫೈರ್‌ವಾಲ್‌ನಲ್ಲಿ ಸಿಪ್ ಇನ್‌ಸ್ಪೆಕ್ಷನ್ ಆನ್ ಮಾಡಿ" ಅನ್ನುತ್ತಾರೆ, ಇನ್ನು ಕೆಲವರು "ಸಿಪ್ ಎಎಲ್‌ಜಿ ಮೊದಲು ಆಫ್ ಮಾಡಿ" ಅನ್ನುತ್ತಾರೆ. ಇವೆರಡೂ ಹೆಚ್ಚುಕಮ್ಮಿ ಒಂದೇ ವಸ್ತುವಿನ ಎರಡು ಹೆಸರು: ನೆಟ್‌ವರ್ಕನ್ನು ಕಾಯುವ ಫೈರ್‌ವಾಲ್, ಕರೆ ಏರ್ಪಾಡು ಮಾಡುವ ಸಿಪ್ ಸಂದೇಶಗಳನ್ನು ಓದಿ ತಿದ್ದುವ ಸೌಲಭ್ಯ. ಅಂದರೆ ಒಬ್ಬರು ಹಾಕಿ ಅಂತಾರೆ, ಇನ್ನೊಬ್ಬರು ತೆಗೆಯಿರಿ ಅಂತಾರೆ, ಇಬ್ಬರೂ ಅವರವರ ಜಾಗದಲ್ಲಿ ಸರಿ! ನಿಮ್ಮ ಜಾಗದಲ್ಲಿ ಯಾರು ಸರಿ ಅನ್ನುವುದು ತಿಳಿಯಬೇಕಾದರೆ ಆ ಫೈರ್‌ವಾಲ್ ಪ್ಯಾಕೆಟ್ಟಿನ (ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ತುಂಡಿನ) ಒಳಗೆ ಕೈ ಹಾಕಿ ಏನು ಮಾಡುತ್ತದೆ ಅಂತ ಒಮ್ಮೆ ನೋಡಲೇಬೇಕು. ಸುಮ್ನೆ ಆನ್, ಆಫ್ ಮಾಡುತ್ತಾ ಕೂತರೆ ಒಂದು ವಾರ ಕಳೆದುಹೋಗುತ್ತದೆ.

ಲಗ್ನಪತ್ರಿಕೆಯ ಒಳಗಿನ ವಿಳಾಸ

ಇಂಟರ್ನೆಟ್ ಮೇಲಿನ ಒಂದು ಕರೆಯಲ್ಲಿ ಎರಡು ಬೇರೆ ಬೇರೆ ಹರಿವು ಇರುತ್ತವೆ. ಒಂದು, ಕರೆಯನ್ನು ಏರ್ಪಾಡು ಮಾಡುವ ಮಾತುಕತೆ: ಯಾರು ಯಾರನ್ನು ಕರೆಯುತ್ತಿದ್ದಾರೆ, ರಿಂಗ್ ಆಗುತ್ತಿದೆಯಾ, ಎತ್ತಿದರಾ, ಇಟ್ಟರಾ. ಇದಕ್ಕೆ ಸಿಗ್ನಲಿಂಗ್ ಅನ್ನುತ್ತೇವೆ, ಇವತ್ತು ಹೆಚ್ಚಿನ ಕಡೆ ಇದು ಸಿಪ್ ಪ್ರೋಟೋಕಾಲಿನಲ್ಲಿ ನಡೆಯುತ್ತದೆ. ಸಿಪ್‌ನ ಈಗಿನ ರೂಪ 2002ರಲ್ಲಿ ಆರ್‌ಎಫ್‌ಸಿ 3261 ಅನ್ನುವ ಮಾನದಂಡದ ದಾಖಲೆಯಾಗಿ ಬಂತು. ನಮ್ಮ ಮೊಬೈಲಿನ ವೋಲ್ಟೆ ಕರೆಯ ಒಳಗೂ ಇರುವುದು ಇದೇ ಸಿಪ್. ಇದರ ಮಾಮೂಲಿ ಪೋರ್ಟ್, ಅಂದರೆ ಬಾಗಿಲಿನ ನಂಬರ್, 5060, ಎನ್‌ಕ್ರಿಪ್ಟ್ ಆದರೆ 5061. ಎರಡನೆಯ ಹರಿವು ನಿಜವಾದ ದನಿ ಮತ್ತು ಚಿತ್ರ. ಅದು ಆರ್‌ಟಿಪಿ ಪ್ಯಾಕೆಟ್ಟುಗಳಲ್ಲಿ, ಯುಡಿಪಿ (ತಲುಪಿತಾ ಅಂತ ಕಾಯದೆ ಕಳಿಸುತ್ತಾ ಹೋಗುವ ಬಗೆ) ಮೇಲೆ, ಬೇರೆಯದೇ ಪೋರ್ಟಿನಲ್ಲಿ ಬರುತ್ತದೆ. ಜಿ.711 ಕೋಡೆಕ್ (ದನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ) ಆದರೆ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50, ಒಂದೊಂದರಲ್ಲೂ 160 ಬೈಟ್ ದನಿ. ಮತ್ತೆ ಈ ಪೋರ್ಟ್ ನಂಬರ್ ಮೊದಲೇ ಗೊತ್ತಿರುವುದಿಲ್ಲ. ಪ್ರತಿ ಕರೆಗೂ ಹೊಸದು.

ಹಾಗಾದರೆ ಆ ಕಡೆಯವರಿಗೆ ಯಾವ ಪೋರ್ಟಿಗೆ ದನಿ ಕಳಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಸಿಪ್ ಸಂದೇಶದ ಹೊಟ್ಟೆಯೊಳಗೇ ಬರೆದಿರುತ್ತದೆ. ಕರೆ ಶುರು ಮಾಡುವ ಸಿಪ್ ಸಂದೇಶದ ಹೆಸರೇ ಇನ್ವೈಟ್, ಅಂದರೆ ಆಮಂತ್ರಣ. ನಮ್ಮ ಲಗ್ನಪತ್ರಿಕೆಯನ್ನೇ ನೆನಪಿಸಿಕೊಳ್ಳಿ. ಕವರಿನ ಮೇಲೆ ನಿಮ್ಮ ಮನೆಯ ವಿಳಾಸ ಇರುತ್ತೆ, ಅದನ್ನು ನೋಡಿಕೊಂಡು ಅಂಚೆಯವರು ತಂದುಕೊಡುತ್ತಾರೆ. ಆದರೆ ಮದುವೆಗೆ ಎಲ್ಲಿಗೆ ಬರಬೇಕು ಅನ್ನುವುದು ಇರುವುದು ಒಳಗಿನ ಕಾರ್ಡಿನಲ್ಲಿ. ಆ ಕಾರ್ಡಿನಲ್ಲಿ "ಮುಹೂರ್ತ ನಮ್ಮ ಮನೆಯ ಹಿತ್ತಲಿನ ಚಪ್ಪರದಲ್ಲಿ" ಅಂತಷ್ಟೇ ಬರೆದಿದ್ದರೆ? ಮನೆಯವರಿಗೆ ಅದು ಸಾಕು. ದೂರದ ಊರಿನ ನೆಂಟರು ಯಾವ ಮನೆ, ಯಾವ ಹಿತ್ತಲು ಅಂತ ಹುಡುಕುವುದು ಹೇಗೆ?

ಸಿಪ್ ಇನ್ವೈಟ್‌ನಲ್ಲಿ ಆಗುವುದೂ ಇದೇ. ನಮ್ಮ ಆಫೀಸಿನ ಒಂದು ಫೋನಿನ ಇನ್ವೈಟ್ ಬಿಚ್ಚಿ ನೋಡಿದರೆ ಕೊನೆಯಲ್ಲಿ ಎಸ್‌ಡಿಪಿ ಅನ್ನುವ ಭಾಗ ಇತ್ತು. ಅದರಲ್ಲಿ ಎರಡು ಸಾಲು ಮುಖ್ಯ. ಓದುವ ಹಾಗೆ ಬರೆದರೆ ಹೀಗೆ:

ಸಿ=ಐಎನ್ ಐಪಿ4 192.168.10.25
ಎಂ=ಆಡಿಯೋ 16384 ಆರ್‌ಟಿಪಿ/ಎವಿಪಿ 0 8 101

ಮೊದಲ ಸಾಲು "ನನ್ನ ವಿಳಾಸ 192.168.10.25" ಅನ್ನುತ್ತದೆ. ಎರಡನೆಯದು "ದನಿಯನ್ನು 16384 ಪೋರ್ಟಿಗೆ ಕಳಿಸಿ, ನನಗೆ ಈ ಈ ಕೋಡೆಕ್ ಬರುತ್ತೆ" ಅನ್ನುತ್ತದೆ. 192.168ರಿಂದ ಶುರುವಾಗುವುದು ಒಳಮನೆಯ ವಿಳಾಸ. ಲಕ್ಷಾಂತರ ಮನೆ, ಆಫೀಸುಗಳಲ್ಲಿ ಇದೇ ನಂಬರ್ ಇದೆ. ಇಂಟರ್ನೆಟ್ ಮೇಲೆ ಅದಕ್ಕೆ ದಾರಿ ಇಲ್ಲ. ಫೈರ್‌ವಾಲ್ ನ್ಯಾಟ್, ಅಂದರೆ ವಿಳಾಸದ ಬದಲಾವಣೆ, ಮಾಡುವಾಗ ಕವರಿನ ಮೇಲಿನ ವಿಳಾಸವನ್ನು, ಅಂದರೆ ಐಪಿ ಹೆಡರನ್ನು, ಹೊರಗಿನ ಪಬ್ಲಿಕ್ ವಿಳಾಸಕ್ಕೆ ಬದಲಿಸುತ್ತದೆ. ಒಳಗಿನ ಕಾರ್ಡನ್ನು ಮುಟ್ಟುವುದಿಲ್ಲ. ಆ ಕಡೆಯ ಸರ್ವರ್ ಕಾರ್ಡ್ ಓದಿ, ನಂಬಿ, 192.168.10.25ಕ್ಕೆ ದನಿ ಕಳಿಸುತ್ತದೆ. ಆ ದನಿ ಎಲ್ಲಿಗೂ ತಲುಪುವುದಿಲ್ಲ. ನಮ್ಮ ಕಡೆಯಿಂದ ಹೋಗುವ ದನಿಗೆ ಈ ತೊಂದರೆ ಇಲ್ಲ, ಯಾಕಂದರೆ ಆ ಸರ್ವರಿನ ವಿಳಾಸ ಪಬ್ಲಿಕ್ ಆಗಿರುತ್ತದೆ. ಅದಕ್ಕೇ ಒಂದು ಕಡೆ ಮಾತ್ರ ಕೇಳಿಸುವುದು.

ಇನ್‌ಸ್ಪೆಕ್ಷನ್ ಮಾಡುವ ಕೆಲಸ

ಸಿಪ್ ಇನ್‌ಸ್ಪೆಕ್ಷನ್ ಆನ್ ಇರುವ ಫೈರ್‌ವಾಲ್ ಕವರ್ ಬಿಚ್ಚಿ ಕಾರ್ಡ್ ಓದುತ್ತದೆ. 192.168.10.25 ಇದ್ದ ಕಡೆ ತನ್ನ ಪಬ್ಲಿಕ್ ವಿಳಾಸ ಬರೆಯುತ್ತದೆ, ಪೋರ್ಟ್ ಬದಲಾಗಿದ್ದರೆ 16384 ಇದ್ದ ಕಡೆ ಹೊಸ ಪೋರ್ಟ್ ಬರೆಯುತ್ತದೆ. ವಯಾ, ಕಾಂಟ್ಯಾಕ್ಟ್ ಅನ್ನುವ ಸಿಪ್ ಹೆಡರುಗಳಲ್ಲೂ ಒಳವಿಳಾಸ ಇರುತ್ತದೆ, ಅವನ್ನೂ ತಿದ್ದುತ್ತದೆ. ಅಕ್ಷರಗಳ ಲೆಕ್ಕ ಬದಲಾಯಿತಲ್ಲ, ಹಾಗಾಗಿ ಕಂಟೆಂಟ್-ಲೆಂತ್ ಸಾಲನ್ನೂ ಸರಿಮಾಡಬೇಕು. ಇಷ್ಟು ಆದಮೇಲೆ ಎರಡನೆಯ ಕೆಲಸ: ಆ ದನಿ ಒಳಗೆ ಬರಲು ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ತೆರೆಯುತ್ತದೆ. ಆ ಒಂದು ಕರೆಗೆ, ಆ ಒಂದು ಪೋರ್ಟಿಗೆ ಮಾತ್ರ. ಆಮೇಲೆ ಕರೆಯನ್ನು ಗಮನಿಸುತ್ತಾ ಇದ್ದು, ಕರೆ ಮುಗಿಯಿತು ಅನ್ನುವ ಬೈ ಸಂದೇಶ ಕಂಡ ಕೂಡಲೇ ಕಿಂಡಿ ಮುಚ್ಚುತ್ತದೆ.

ಈ ಎರಡನೆಯ ಕೆಲಸದ ಬೆಲೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಇನ್‌ಸ್ಪೆಕ್ಷನ್ ಇಲ್ಲದೆ ಕೆಲಸ ನಡೆಸಬೇಕು ಅಂತ ಕೆಲವರು ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗಿನ ಯುಡಿಪಿ ಪೋರ್ಟುಗಳನ್ನೆಲ್ಲ ಇಡೀ ಇಂಟರ್ನೆಟ್ಟಿಗೆ ತೆರೆದಿಡುತ್ತಾರೆ. ದನಿ ಬರುತ್ತದೆ, ನಿಜ. ಆದರೆ ಒಂದು ಕರೆಗೆ ಬೇಕಿದ್ದದ್ದು ಒಂದು ಕಿಂಡಿ, ಇಲ್ಲಿ ಹತ್ತು ಸಾವಿರ ಬಾಗಿಲು ರಾತ್ರಿ ಹಗಲು ತೆಗೆದೇ ಇರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ತೆರೆಯಲೇಬೇಕಾದರೆ ನಿಮ್ಮ ಫೋನ್ ಸರ್ವಿಸ್ ಕೊಡುವವರ ವಿಳಾಸಗಳಿಗೆ ಮಾತ್ರ ತೆರೆಯಿರಿ.

ಸಿಸ್ಕೋ ಎಎಸ್ಎಯಲ್ಲಿ ಹೇಗೆ

ಉದಾಹರಣೆಗೆ ಸಿಸ್ಕೋ ಕಂಪನಿಯ ಎಎಸ್ಎ ಫೈರ್‌ವಾಲನ್ನೇ ತೆಗೆದುಕೊಳ್ಳುತ್ತೇನೆ, ಯಾಕಂದರೆ ಅದರಲ್ಲಿ ಈ ಕೆಲಸ ಕಣ್ಣಿಗೆ ಕಾಣುವ ಹಾಗೆ ಬಿಡಿಬಿಡಿಯಾಗಿದೆ. ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಎಎಸ್ಎಯಲ್ಲಿ ಮೂರು ಮೆಟ್ಟಿಲು. ಯಾವ ಟ್ರಾಫಿಕ್ ಅಂತ ಗುರುತಿಸುವುದು ಕ್ಲಾಸ್-ಮ್ಯಾಪ್. ಅದಕ್ಕೆ ಏನು ಮಾಡಬೇಕು ಅಂತ ಹೇಳುವುದು ಪಾಲಿಸಿ-ಮ್ಯಾಪ್. ಅದನ್ನು ಎಲ್ಲಿ ಜಾರಿ ಮಾಡಬೇಕು ಅನ್ನುವುದು ಸರ್ವಿಸ್-ಪಾಲಿಸಿ. ಡಬ್ಬದಿಂದ ತೆಗೆದಾಗಲೇ ಗ್ಲೋಬಲ್_ಪಾಲಿಸಿ ಅನ್ನುವ ಪಾಲಿಸಿ ಎಲ್ಲ ಇಂಟರ್‌ಫೇಸ್‌ಗಳ ಮೇಲೆ ಜಾರಿಯಲ್ಲಿರುತ್ತದೆ, ಅದರೊಳಗೆ ಇನ್‌ಸ್ಪೆಕ್ಷನ್_ಡಿಫಾಲ್ಟ್ ಅನ್ನುವ ಕ್ಲಾಸ್. ಅದರಲ್ಲಿ ಸಿಪ್, ಎಚ್.323ರ ಎರಡು ಭಾಗಗಳು, ಸ್ಕಿನ್ನಿ, ಆರ್‌ಟಿಎಸ್‌ಪಿ (ಇವು ಏನು ಅಂತ ಮುಂದೆ ಹೇಳುತ್ತೇನೆ), ಇವೆಲ್ಲ ಮೊದಲೇ ಆನ್. ಎಂಜಿಸಿಪಿ ಮಾತ್ರ ಆನ್ ಇರುವುದಿಲ್ಲ, ಬೇಕಾದರೆ ನಾವೇ ಸೇರಿಸಬೇಕು:

ಪಾಲಿಸಿ-ಮ್ಯಾಪ್ ಗ್ಲೋಬಲ್_ಪಾಲಿಸಿ
ಕ್ಲಾಸ್ ಇನ್‌ಸ್ಪೆಕ್ಷನ್_ಡಿಫಾಲ್ಟ್
ಇನ್‌ಸ್ಪೆಕ್ಟ್ ಎಂಜಿಸಿಪಿ

ಇದೇ ಜಾಗದಲ್ಲಿ ನಿಂತು "ನೋ ಇನ್‌ಸ್ಪೆಕ್ಟ್ ಸಿಪ್" ಅಂದರೆ ಸಿಪ್ ಇನ್‌ಸ್ಪೆಕ್ಷನ್ ಹೋಗುತ್ತದೆ. ಇಲ್ಲಿ ತುಂಬಾ ಜನ ಎಡವುವ ಒಂದು ಕಲ್ಲು ಇದೆ. ಪಾಲಿಸಿಯಲ್ಲಿ ಮಾಡಿದ ಬದಲಾವಣೆ ಹೊಸ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯ. ಐಪಿ ಫೋನ್‌ಗಳು ಸರ್ವರಿನ ಜೊತೆ ಆಗಾಗ ಮಾತಾಡುತ್ತಲೇ ಇರುತ್ತವೆ, ಹಾಗಾಗಿ ಬೆಳಿಗ್ಗೆ ಶುರುವಾದ ಕನೆಕ್ಷನ್ ಸಂಜೆಯವರೆಗೂ ಜೀವಂತ ಇರುತ್ತದೆ, ಹಳೆಯ ನಿಯಮದ ಮೇಲೆಯೇ. ಕಮಾಂಡ್ ಕೊಟ್ಟು, ಪರೀಕ್ಷಿಸಿ, "ಏನೂ ಬದಲಾಗಲಿಲ್ಲ" ಅಂತ ವಾಪಸ್ ತೆಗೆದವರನ್ನು ನಾನೇ ನೋಡಿದ್ದೇನೆ. "ಕ್ಲಿಯರ್ ಕಾನ್" ಕೊಟ್ಟು ಆ ಫೋನ್‌ಗಳ ಹಳೆಯ ಕನೆಕ್ಷನ್ ಕಿತ್ತುಹಾಕಿ, ಆಮೇಲೆ ಪರೀಕ್ಷಿಸಿ.

ಇನ್ನೊಂದು ವಿಷಯ. ಇನ್‌ಸ್ಪೆಕ್ಷನ್_ಡಿಫಾಲ್ಟ್ ಮಾಮೂಲಿ ಪೋರ್ಟುಗಳನ್ನಷ್ಟೇ ನೋಡುತ್ತದೆ. ನಿಮ್ಮ ಸರ್ವಿಸ್‌ನವರು ಸಿಪ್ಪನ್ನು 5080ರಲ್ಲಿ ಕೊಟ್ಟಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಆಗ ಬೇರೆ ಕ್ಲಾಸ್-ಮ್ಯಾಪ್ ಮಾಡಿ, "ಮ್ಯಾಚ್ ಪೋರ್ಟ್ ಯುಡಿಪಿ ಈಕ್ಯೂ 5080" ಅಂತ ಬರೆದು, ಆ ಕ್ಲಾಸನ್ನು ಅದೇ ಪಾಲಿಸಿಯೊಳಗೆ ಸೇರಿಸಿ, ಇನ್‌ಸ್ಪೆಕ್ಟ್ ಸಿಪ್ ಕೊಡಬೇಕು.

ಕೆಲಸ ಆಗುತ್ತಿದೆಯಾ ಅಂತ ನೋಡಲು "ಶೋ ಸರ್ವಿಸ್-ಪಾಲಿಸಿ ಇನ್‌ಸ್ಪೆಕ್ಟ್ ಸಿಪ್" ಎಷ್ಟು ಪ್ಯಾಕೆಟ್ ನೋಡಿತು, ಎಷ್ಟು ಬಿಸಾಕಿತು ಅಂತ ಹೇಳುತ್ತದೆ. "ಶೋ ಸಿಪ್" ಈಗ ನಡೆಯುತ್ತಿರುವ ಕರೆಗಳನ್ನು ತೋರಿಸುತ್ತದೆ. ನನಗೆ ಇವೆರಡಕ್ಕಿಂತ ಇಷ್ಟ "ಶೋ ಕಾನ್". ಅದರಲ್ಲಿ ಪ್ರತಿ ಕನೆಕ್ಷನ್ನಿನ ಕೊನೆಗೆ ಫ್ಲ್ಯಾಗ್ ಅಕ್ಷರಗಳಿರುತ್ತವೆ: ದೊಡ್ಡ ಟಿ ಇದ್ದರೆ ಸಿಪ್, ಸಣ್ಣ ಎಂ ಇದ್ದರೆ ಸಿಪ್ ಕರೆಯ ಮೀಡಿಯಾ. ಕರೆ ನಡೆಯುತ್ತಿರುವಾಗ ಟಿ ಕಾಣುತ್ತಿದ್ದು ಸಣ್ಣ ಎಂ ಒಂದೂ ಕಾಣದಿದ್ದರೆ ಕಿಂಡಿಯೇ ತೆರೆದಿಲ್ಲ ಅಂತ ಅನುಮಾನ ಪಡಬೇಕು.

ಟೈಮೌಟ್‌ಗಳೂ ಬೇರೆ ಬೇರೆ. ಡಿಫಾಲ್ಟಿನಲ್ಲಿ ಸಿಪ್ ಸಿಗ್ನಲಿಂಗ್‌ಗೆ 30 ನಿಮಿಷ, ಸಿಪ್ ಮೀಡಿಯಾಕ್ಕೆ 2 ನಿಮಿಷ. ಗ್ರಾಹಕರನ್ನು ಹೋಲ್ಡ್‌ನಲ್ಲಿ ಇಟ್ಟಾಗ ಹಾಡೂ ಇಲ್ಲ, ಏನೂ ಇಲ್ಲ, ಎರಡೂ ಕಡೆ ಒಂದು ಪ್ಯಾಕೆಟ್ಟೂ ಓಡಾಡುತ್ತಿಲ್ಲ ಅಂದರೆ, 2 ನಿಮಿಷಕ್ಕೆ ಮೀಡಿಯಾದ ಕಿಂಡಿ ಮುಚ್ಚಬಹುದು. ಹೋಲ್ಡ್ ತೆಗೆದ ಮೇಲೆ ದನಿ ಇಲ್ಲ ಅನ್ನುವ ದೂರು ಬಂದರೆ ಇದನ್ನೂ ನೋಡಿ.

ಎಚ್.323ರ ಸರಪಳಿ

ಸಿಪ್ ಓದಲು ಬರುವ ಅಕ್ಷರಗಳಲ್ಲಿ ಇರುತ್ತದೆ, ಹಾಗಾಗಿ ತಪ್ಪು ಕಣ್ಣಿಗೇ ಬೀಳುತ್ತದೆ. ಎಚ್.323 ಹಾಗಲ್ಲ. ಇದು 1996ರಲ್ಲಿ ಐಟಿಯು ತಂದ ಮಾನದಂಡ, ಮೀಟಿಂಗ್ ರೂಮುಗಳ ಹಳೆಯ ವಿಡಿಯೋ ಕಾನ್ಫರೆನ್ಸ್ ಪೆಟ್ಟಿಗೆಗಳಲ್ಲಿ ಇನ್ನೂ ಸಿಗುತ್ತದೆ. ಅದರ ಸಂದೇಶಗಳು ಬೈನರಿ. ಮೊದಲು ಗೇಟ್‌ಕೀಪರ್ (ಕರೆಗೆ ಅನುಮತಿ ಕೊಡುವ ಸರ್ವರ್) ಜೊತೆ ಯುಡಿಪಿ 1718, 1719ರಲ್ಲಿ ಮಾತು, ಇದು ಆರ್‌ಎಎಸ್. ಆಮೇಲೆ ಟಿಸಿಪಿ (ತಲುಪಿತು ಅಂತ ಖಚಿತ ಮಾಡಿಕೊಳ್ಳುವ ಬಗೆ) 1720ರಲ್ಲಿ ಕರೆಯ ಏರ್ಪಾಡು, ಇದು ಎಚ್.225. ಆ ಮಾತಿನ ನಡುವೆ "ಇನ್ನುಳಿದದ್ದನ್ನು ಈ ಪೋರ್ಟಿನಲ್ಲಿ ಮಾತಾಡೋಣ" ಅಂತ ಇನ್ನೊಂದು ಟಿಸಿಪಿ ಪೋರ್ಟ್ ಹೇಳುತ್ತವೆ, ಅದು ಎಚ್.245. ಆ ಎಚ್.245ರ ಒಳಗೆ ದನಿಗೆ ಒಂದು, ಚಿತ್ರಕ್ಕೆ ಒಂದು ಅಂತ ಯುಡಿಪಿ ಪೋರ್ಟ್‌ಗಳನ್ನು ಹೇಳಿಕೊಳ್ಳುತ್ತವೆ. ಅಂದರೆ ಒಂದು ಕಾರ್ಡಿನೊಳಗೆ ಇನ್ನೊಂದು ಕಾರ್ಡಿನ ವಿಳಾಸ, ಅದರೊಳಗೆ ಛತ್ರದ ವಿಳಾಸ. ಫೈರ್‌ವಾಲ್ ಈ ಸರಪಳಿಯ ಒಂದೇ ಒಂದು ಕೊಂಡಿಯನ್ನು ಅರ್ಥ ಮಾಡಿಕೊಳ್ಳದಿದ್ದರೂ ಕರೆ ಅಲ್ಲೇ ನಿಲ್ಲುತ್ತದೆ. ಎಷ್ಟೋ ಸಲ ದನಿ ಬರುತ್ತೆ, ಚಿತ್ರ ಬರಲ್ಲ.

ನನ್ನ ಅನಿಸಿಕೆ ಕೇಳಿದರೆ, ಎಚ್.323 ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ನೇರವಾಗಿ ಸೇರಿಸುವ ಅವಶ್ಯಕತೆ ಈಗ ಬಹಳ ಕಡಿಮೆ. ಇದ್ದರೆ ಎಚ್.225 ಮತ್ತು ಆರ್‌ಎಎಸ್ ಎರಡೂ ಇನ್‌ಸ್ಪೆಕ್ಷನ್ ಆನ್ ಇರಲಿ, ಒಂದನ್ನು ಮಾತ್ರ ಇಟ್ಟರೆ ಸರಪಳಿ ತುಂಡಾಗುತ್ತದೆ. ಪೆಟ್ಟಿಗೆ ಎಚ್.460.18 ಮತ್ತು 19 ಬಲ್ಲದ್ದಾದರೆ ಫೈರ್‌ವಾಲ್ ದಾಟುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ.

ಉಳಿದವುಗಳದ್ದು ಚಿಕ್ಕ ಮಾತು. ಸ್ಕಿನ್ನಿ ಅಂದರೆ ಸಿಸ್ಕೋ ಹಳೆಯ ಫೋನ್‌ಗಳ ಸ್ವಂತ ಭಾಷೆ, ಟಿಸಿಪಿ 2000. ಆ ಫೋನ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು ಟಿಎಫ್‌ಟಿಪಿ ಅನ್ನುವ ಸರಳ ಫೈಲ್ ವರ್ಗಾವಣೆಯಿಂದ ತರುತ್ತವೆ, ಹಾಗಾಗಿ ಫೈರ್‌ವಾಲ್ ನಡುವೆ ಇದ್ದರೆ ಟಿಎಫ್‌ಟಿಪಿ ಇನ್‌ಸ್ಪೆಕ್ಷನ್ನೂ ಬೇಕು. ಎಂಜಿಸಿಪಿ, ಮಾಮೂಲಿ ಫೋನ್ ಲೈನನ್ನು ಐಪಿಗೆ ಸೇರಿಸುವ ಗೇಟ್‌ವೇಗಳದ್ದು, ಯುಡಿಪಿ 2427 ಮತ್ತು 2727. ಆರ್‌ಟಿಎಸ್‌ಪಿ ಟಿಸಿಪಿ 554ರಲ್ಲಿ, ಸಿಸಿಟಿವಿ ಕ್ಯಾಮೆರಾ ನೋಡುವಾಗ ಹೆಚ್ಚಾಗಿ ಸಿಗುವುದು ಇದೇ.

ಇಬ್ಬರೂ ತಿದ್ದಿದರೆ

ಈಗ "ಎಎಲ್‌ಜಿ ಆಫ್ ಮಾಡಿ" ಅನ್ನುವವರ ಮಾತಿಗೆ ಬರೋಣ. ಅವರು ಹೇಳುವುದರಲ್ಲೂ ನಿಜ ಇದೆ. ಕಾರ್ಡಿನೊಳಗಿನ ವಿಳಾಸ ತಿದ್ದಲು ಫೈರ್‌ವಾಲ್ ಒಂದೇ ಅಲ್ಲ, ಇನ್ನೂ ಮೂವರು ಇದ್ದಾರೆ. ಫೋನ್ ತಾನೇ ಸ್ಟನ್ ಸರ್ವರನ್ನು "ನಾನು ಹೊರಗಿನಿಂದ ಯಾವ ವಿಳಾಸದಲ್ಲಿ ಕಾಣುತ್ತೇನೆ" ಅಂತ ಕೇಳಿ ಪಬ್ಲಿಕ್ ವಿಳಾಸವನ್ನೇ ಬರೆಯಬಹುದು. ಆಫೀಸಿನ ಪಿಬಿಎಕ್ಸ್‌ನಲ್ಲಿ (ಒಳಗಿನ ಫೋನ್‌ಗಳನ್ನು ನಡೆಸುವ ಸರ್ವರಿನಲ್ಲಿ) ಹೊರವಿಳಾಸವನ್ನು ಕೈಯಾರೆ ಹಾಕಿರಬಹುದು. ಇಲ್ಲವೇ ಸರ್ವಿಸ್ ಕೊಡುವವರ ಬಳಿ ಇರುವ ಎಸ್‌ಬಿಸಿ (ಕರೆಗಳ ಗಡಿ ಕಾಯುವ ಸರ್ವರ್) ಕಾರ್ಡಿನ ಮಾತನ್ನು ನಂಬದೆ, ನಿಮ್ಮ ದನಿಯ ಮೊದಲ ಪ್ಯಾಕೆಟ್ ಎಲ್ಲಿಂದ ಬಂತೋ ಅಲ್ಲಿಗೇ ತನ್ನ ದನಿಯನ್ನು ವಾಪಸ್ ಕಳಿಸಬಹುದು.

ಇವರಲ್ಲಿ ಒಬ್ಬರು ಈಗಾಗಲೇ ಕೆಲಸ ಮಾಡುತ್ತಿದ್ದರೆ ಫೈರ್‌ವಾಲ್ ಕೂಡ ಕೈ ಹಾಕುವುದು ಬೇಡ. ಹಾಕಿದರೆ ಒಬ್ಬರು ಸರಿಯಾಗಿ ಬರೆದದ್ದನ್ನು ಇನ್ನೊಬ್ಬರು ಅಳಿಸಿ ಬರೆದ ಹಾಗೆ. ಅದರಲ್ಲೂ ಅಗ್ಗದ ರೌಟರುಗಳಲ್ಲಿ ಎಎಲ್‌ಜಿ ಅರೆಬರೆ ಇರುತ್ತದೆ, ಒಂದು ಹೆಡರ್ ತಿದ್ದಿ ಇನ್ನೊಂದನ್ನು ಹಾಗೇ ಬಿಡುತ್ತದೆ. ಅಂಥಲ್ಲಿ ಆಫ್ ಮಾಡುವುದೇ ಸರಿ. ಮೈಕ್ರೋಟಿಕ್‌ನಲ್ಲಿ ಇದು ಫೈರ್‌ವಾಲ್ ಮೆನುವಿನ ಸರ್ವಿಸ್ ಪೋರ್ಟ್ಸ್‌ನಲ್ಲಿ ಇದೆ. ಫೋರ್ಟಿಗೇಟ್‌ನಲ್ಲಿ ಸಿಪ್‌ಗೆ ಕೈ ಹಾಕುವ ಸೌಲಭ್ಯ ಎರಡು: ಸೆಷನ್ ಹೆಲ್ಪರ್ ಬೇರೆ, ಸಿಪ್ ಎಎಲ್‌ಜಿ ಬೇರೆ. ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟರೆ ತೆಗೆದ ಹಾಗಾಗಲ್ಲ. ಲಿನಕ್ಸ್ ಕರ್ನಲ್ 4.7ರಿಂದ ಈಚೆಗೆ ಸಿಪ್ ಹೆಲ್ಪರ್ (ಅಲ್ಲಿನ ಎಎಲ್‌ಜಿ) ತಾನಾಗಿಯೇ ಅಂಟಿಕೊಳ್ಳುವುದಿಲ್ಲ, ಯಾವ ಟ್ರಾಫಿಕ್ಕಿಗೆ ಬೇಕು ಅಂತ ನಾವೇ ರೂಲ್ ಬರೆಯಬೇಕು. ಅದು ಒಳ್ಳೆಯ ಪದ್ಧತಿ ಅಂತ ನನಗನ್ನಿಸುತ್ತದೆ.

ತೊಂದರೆ ಯಾವುದು ಅಂತ ಗಡಿಯಾರ ನೋಡಿಯೇ ಅರ್ಧ ಊಹಿಸಬಹುದು. ಕರೆ ಚೆನ್ನಾಗಿ ನಡೆಯುತ್ತಾ ಸರಿಯಾಗಿ 32 ಸೆಕೆಂಡಿಗೆ ಕಟ್ ಆಗುತ್ತಾ? ಹಾಗಾದರೆ "ಸಿಕ್ಕಿತು" ಅನ್ನುವ ಎಸಿಕೆ ಸಂದೇಶ ತಲುಪುತ್ತಿಲ್ಲ. ಫೋನ್ ಎತ್ತಿದವರ ಕಡೆಯಿಂದ "200 ಓಕೆ" ಹೋಗುತ್ತದೆ, ಅದಕ್ಕೆ ಆ ಕಡೆಯಿಂದ ಎಸಿಕೆ ಬರಬೇಕು. ಬರದಿದ್ದರೆ ಮತ್ತೆ ಮತ್ತೆ ಕಳಿಸಿ, ಅರ್ಧ ಸೆಕೆಂಡಿನ 64 ಪಟ್ಟು ಕಾದು, ಅಂದರೆ 32 ಸೆಕೆಂಡ್ ಆದಮೇಲೆ ಕರೆಯನ್ನು ಬಿಟ್ಟುಬಿಡುತ್ತದೆ. ಕಾಂಟ್ಯಾಕ್ಟ್ ಹೆಡರಿನಲ್ಲಿ ತಪ್ಪು ವಿಳಾಸ ಉಳಿದುಹೋದಾಗ ಆಗುವುದು ಹೆಚ್ಚಾಗಿ ಇದೇ. ಸುಮಾರು 15 ಅಥವಾ 30 ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಸೆಷನ್ ಟೈಮರ್ ನೋಡಿ. ಅದರ ಮಾಮೂಲಿ ಅವಧಿ 1800 ಸೆಕೆಂಡ್, ಅರ್ಧ ಅವಧಿಗೆ ಒಮ್ಮೆ "ಇದ್ದೀರಾ" ಅಂತ ಕೇಳುವ ಸಂದೇಶ ಹೋಗುತ್ತದೆ, ಅದು ದಾರಿಯಲ್ಲಿ ಕಳೆದರೆ ಕರೆ ಬೀಳುತ್ತದೆ. ಹೊರಗೆ ಕರೆ ಹೋಗುತ್ತೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳಗೆ ಬರುವ ಕರೆ ರಿಂಗ್ ಆಗಲ್ಲ ಅಂದರೆ ಯುಡಿಪಿ ಟೈಮೌಟ್. ಲಿನಕ್ಸ್ ಮೇಲೆ ಓಡುವ ರೌಟರುಗಳಲ್ಲಿ ಉತ್ತರ ಬರದ ಯುಡಿಪಿ ಕನೆಕ್ಷನ್ನಿಗೆ 30 ಸೆಕೆಂಡ್ ಆಯಸ್ಸು. ಫೋನಿನಲ್ಲಿ ಕೀಪ್-ಅಲೈವ್ (ಕನೆಕ್ಷನ್ ಜೀವಂತ ಇಡಲು ಕಳಿಸುವ ಸಂದೇಶ) ಅವಧಿಯನ್ನು ಅದಕ್ಕಿಂತ ಕಡಿಮೆ ಮಾಡಿ.

ಇನ್‌ಸ್ಪೆಕ್ಷನ್ನೇ ಬಾಗಿಲಾದಾಗ

ಪ್ಯಾಕೆಟ್ಟಿನ ಒಳಗೆ ಓದುವ ಪ್ರೋಗ್ರಾಮಿನಲ್ಲೂ ತಪ್ಪಿರಬಹುದು. 2018ರ ಅಕ್ಟೋಬರ್ 31ರಂದು ಸಿಸ್ಕೋ ತಾನೇ ಒಂದು ಎಚ್ಚರಿಕೆ ಹೊರಡಿಸಿತು, ಆ ದೋಷದ ಗುರುತಿನ ನಂಬರ್ ಸಿವಿಇ-2018-15454. ಎಎಸ್ಎಯ ಸಿಪ್ ಇನ್‌ಸ್ಪೆಕ್ಷನ್ನಿಗೆ ಒಂದು ಬಗೆಯ ಸಿಪ್ ಸಂದೇಶಗಳನ್ನು ಜಾಸ್ತಿ ವೇಗದಲ್ಲಿ ಕಳಿಸಿದರೆ ಇಡೀ ಫೈರ್‌ವಾಲ್ ರೀಬೂಟ್ ಆಗುತ್ತಿತ್ತು, ಇಲ್ಲವೇ ಸಿಪಿಯು ಪೂರ್ತಿ ಮೇಲೇರಿ ನಿಲ್ಲುತ್ತಿತ್ತು. ಸಿಪ್ ಇನ್‌ಸ್ಪೆಕ್ಷನ್ ಡಿಫಾಲ್ಟ್ ಆಗಿ ಆನ್ ಅಂತ ಆಗಲೇ ಹೇಳಿದೆನಲ್ಲ, ಹಾಗಾಗಿ ಒಂದೂ ಐಪಿ ಫೋನ್ ಇಲ್ಲದ ಕಡೆಯೂ ಅಪಾಯ ಇತ್ತು. ಕೊಟ್ಟ ಪರಿಹಾರಗಳಲ್ಲಿ ಒಂದು ಇನ್‌ಸ್ಪೆಕ್ಷನ್ ಆಫ್ ಮಾಡುವುದು.

ಅದಾಗಿ ಸರಿಯಾಗಿ ಎರಡು ವರ್ಷಕ್ಕೆ, 2020ರ ಅಕ್ಟೋಬರ್ 31ರಂದು, ಸ್ಯಾಮಿ ಕಮ್ಕಾರ್ ಅನ್ನುವ ಸಂಶೋಧಕರು ನ್ಯಾಟ್ ಸ್ಲಿಪ್‌ಸ್ಟ್ರೀಮಿಂಗ್ ಅನ್ನುವ ದಾಳಿಯನ್ನು ತೋರಿಸಿದರು. ನೀವು ಒಂದು ವೆಬ್ ಪುಟ ತೆರೆದರೆ ಸಾಕು. ಆ ಪುಟ ನಿಮ್ಮ ಬ್ರೌಸರಿನಿಂದ 5060 ಪೋರ್ಟಿಗೆ ಒಂದು ದೊಡ್ಡ ಫಾರ್ಮ್ ಕಳಿಸುತ್ತದೆ. ಅದರ ಉದ್ದವನ್ನು ಎಷ್ಟು ಲೆಕ್ಕ ಹಾಕಿ ಇಟ್ಟಿರುತ್ತಾರೆ ಅಂದರೆ, ತುಂಡಾಗಿ ಹೋಗುವಾಗ ಒಂದು ಪ್ಯಾಕೆಟ್ ಅಪ್ಪಟ ಸಿಪ್ ಸಂದೇಶದ ಹಾಗೇ ಶುರುವಾಗುತ್ತದೆ. ರೌಟರಿನ ಎಎಲ್‌ಜಿ ಅದನ್ನು ನಿಜವಾದ ಫೋನ್ ಅಂದುಕೊಂಡು, ಅದರಲ್ಲಿ ಬರೆದ ಪೋರ್ಟಿಗೆ ಹೊರಗಿನಿಂದ ಕಿಂಡಿ ತೆರೆದುಬಿಡುತ್ತದೆ. 2021ರ ಜನವರಿಯಲ್ಲಿ ಎಚ್.323ರ 1720 ಪೋರ್ಟನ್ನು ಬಳಸುವ ಇನ್ನೊಂದು ರೂಪ ಬಂತು. ಆಮೇಲೆ ಬ್ರೌಸರುಗಳು 5060, 5061, 1720 ಮುಂತಾದ ಪೋರ್ಟುಗಳಿಗೆ ಹೋಗುವುದನ್ನೇ ನಿಲ್ಲಿಸಿದವು.

ಹಾಗಾಗಿ ಬಳಸದ ಪ್ರೋಟೋಕಾಲಿನ ಇನ್‌ಸ್ಪೆಕ್ಷನ್ ಆಫ್ ಇರಲಿ, ಅದು ಡಿಫಾಲ್ಟ್ ಆಗಿ ಆನ್ ಬಂದಿದ್ದರೂ ಸರಿ. ಬಳಸುವುದಾದರೆ 5060ಕ್ಕೆ ಹೊರಗಿನಿಂದ ಯಾರು ಬರಬಹುದು ಅಂತ ಆಕ್ಸೆಸ್ ಲಿಸ್ಟಿನಲ್ಲಿ ಬರೆಯಿರಿ. ಇನ್‌ಸ್ಪೆಕ್ಷನ್ ಇದೆ ಅಂತ ಆಕ್ಸೆಸ್ ಲಿಸ್ಟ್ ಬಿಟ್ಟರೆ, ಹೊರಗೆ ಸದಾ ಹುಡುಕುತ್ತಿರುವ ಸ್ಕ್ಯಾನರುಗಳು ನಿಮ್ಮ ಪಿಬಿಎಕ್ಸ್‌ನ ಪಾಸ್‌ವರ್ಡ್ ಊಹಿಸಿ ಪರದೇಶಕ್ಕೆ ಕರೆ ಮಾಡಿ, ಬಿಲ್ ನಿಮಗೆ ಬರುತ್ತದೆ. ಎಎಸ್ಎಯ ಡಿಫಾಲ್ಟ್ ಸಿಪ್ ಇನ್‌ಸ್ಪೆಕ್ಷನ್ ಇನ್ನೂ ಸಡಿಲ: ಹೆಡರುಗಳನ್ನು ಕಟ್ಟುನಿಟ್ಟಾಗಿ ನೋಡುವುದಿಲ್ಲ, ಆರ್‌ಟಿಪಿ ಕಿಂಡಿಯಲ್ಲಿ ಬರುವುದು ನಿಜವಾಗಿ ಆರ್‌ಟಿಪಿಯೇ ಅಂತ ಪರೀಕ್ಷಿಸುವುದಿಲ್ಲ. ಇವನ್ನೆಲ್ಲ ಬಿಗಿ ಮಾಡಲು ಸಿಪ್‌ಗೇ ಮೀಸಲಾದ ಇನ್‌ಸ್ಪೆಕ್ಷನ್ ಪಾಲಿಸಿ-ಮ್ಯಾಪ್ ಬರೆಯಬಹುದು. ಒಂದೊಂದೇ ಸೇರಿಸಿ, ಮೊದಲು ಲಾಗ್ ಮಾತ್ರ ಮಾಡಿ ನೋಡಿ, ಆಮೇಲೆ ಡ್ರಾಪ್ ಮಾಡಿ. ಒಂದೇ ದಿನ ಎಲ್ಲವನ್ನೂ ಬಿಗಿ ಮಾಡಿದರೆ ಯಾವುದರಿಂದ ಫೋನ್ ನಿಂತಿತು ಅಂತ ಹುಡುಕುವುದೇ ಕೆಲಸ ಆಗುತ್ತದೆ.

ಕಾರ್ಡಿಗೆ ಬೀಗ ಹಾಕಿದ್ದರೆ

ಸಿಪ್ಪನ್ನು ಟಿಎಲ್‌ಎಸ್ (ಎನ್‌ಕ್ರಿಪ್ಟ್ ಮಾಡುವ ಪದರ) ಮೇಲೆ 5061ರಲ್ಲಿ ಕಳಿಸಿದರೆ ಫೈರ್‌ವಾಲ್‌ಗೆ ಕಾಣುವುದು ಕವರ್ ಮಾತ್ರ. ಓದಲೂ ಆಗಲ್ಲ, ತಿದ್ದಲೂ ಆಗಲ್ಲ. ಆಗ ವಿಳಾಸದ ಕೆಲಸ ಫೋನಿನದ್ದು ಅಥವಾ ಎಸ್‌ಬಿಸಿಯದ್ದು. ಇದು ಕೆಟ್ಟದ್ದಲ್ಲ. ಗುಟ್ಟಾಗಿ ಹೋಗಬೇಕಾದ ಮಾತು ಗುಟ್ಟಾಗಿ ಹೋಗಲಿ ಅಂತಲೇ ನಾನು ಹೇಳುವುದು.

ಟೀಮ್ಸ್, ಜೂಮ್ ಥರದವು ಇನ್‌ಸ್ಪೆಕ್ಷನ್ನನ್ನು ನೆಚ್ಚಿಕೊಂಡೇ ಇಲ್ಲ. ತಮ್ಮ ದಾರಿಯನ್ನು ತಾವೇ ಹುಡುಕುತ್ತವೆ, ನೇರ ದಾರಿ ಇಲ್ಲದಿದ್ದರೆ ನಡುವಿನ ಸರ್ವರ್ ಮೂಲಕ ಹೋಗುತ್ತವೆ. ಇವಕ್ಕೆ ಫೈರ್‌ವಾಲ್ ಮಾಡಬೇಕಾದ್ದು ಒಳಗಿನಿಂದ ಹೊರಗೆ ಹೋಗುವ ಯುಡಿಪಿಯನ್ನು ತಡೆಯದೇ ಇರುವುದು: ಟೀಮ್ಸ್‌ಗೆ 3478ರಿಂದ 3481, ಜೂಮ್‌ಗೆ 3478, 3479 ಮತ್ತು 8801ರಿಂದ 8810. ತಡೆದರೂ ಮೀಟಿಂಗ್ ನಡೆಯುತ್ತದೆ, ಟಿಸಿಪಿ 443 ಮೇಲೆ. ಆದರೆ ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಅದರ ನಂತರ ಬಂದವೆಲ್ಲ ಕಾಯಬೇಕು, ಮತ್ತೆ ತಡವಾಗಿ ಬಂದ ದನಿಯಿಂದ ಏನು ಉಪಯೋಗ? ಅದಕ್ಕೇ ಚಿತ್ರ ನಿಂತು ನಿಂತು ಓಡುವುದು. "ನೆಟ್ ಸರಿ ಇಲ್ಲ" ಅಂತ ಲೈನ್ ಬದಲಿಸುವ ಮೊದಲು ಯುಡಿಪಿ ಹೋಗುತ್ತಿದೆಯಾ ನೋಡಿ.

ಆ ಆಫೀಸಿಗೆ ವಾಪಸ್ ಬರುತ್ತೇನೆ. ಇನ್‌ಸ್ಪೆಕ್ಷನ್ ಆನ್ ಮಾಡಿ ನೋಡಿದೆವು, ಆಫ್ ಮಾಡಿ ನೋಡಿದೆವು, ಎರಡರಲ್ಲೂ ಅದೇ ಮೌನ. ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಇನ್‌ಸ್ಪೆಕ್ಷನ್ ಆನ್ ಇಟ್ಟು, ಫೈರ್‌ವಾಲ್‌ನ ಒಳಬದಿಯಲ್ಲಿ ಒಂದು ಕ್ಯಾಪ್ಚರ್ (ಓಡುವ ಪ್ಯಾಕೆಟ್ಟುಗಳ ನಕಲು), ಹೊರಬದಿಯಲ್ಲಿ ಒಂದು ಕ್ಯಾಪ್ಚರ್, ಎರಡನ್ನೂ ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಅಕ್ಕಪಕ್ಕ ಇಟ್ಟು ಆ ಸಿ= ಸಾಲನ್ನು ಹೋಲಿಸಿದೆ. ಒಳಗೆ 192.168.10.25. ಹೊರಗೆ 192.168.1.2. ಫೈರ್‌ವಾಲ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಒಳವಿಳಾಸ ತೆಗೆದು ತನ್ನ ಹೊರವಿಳಾಸ ಬರೆದಿತ್ತು. ಆದರೆ ಅದರ ಹೊರವಿಳಾಸವೂ ಒಳಮನೆಯದ್ದೇ! ಯಾಕಂದರೆ ಅದರ ಮುಂದೆ ಫೈಬರ್ ಲೈನಿನ ಜೊತೆ ಬಂದ ಪೆಟ್ಟಿಗೆ ಕೂತು ಇನ್ನೊಂದು ಸಲ ನ್ಯಾಟ್ ಮಾಡುತ್ತಿತ್ತು. ದುಡ್ಡು ಕೊಟ್ಟು ತೆಗೆದುಕೊಂಡ ಸ್ಟ್ಯಾಟಿಕ್ ಐಪಿ ಆ ಪೆಟ್ಟಿಗೆಯ ಮೇಲೇ ಇತ್ತು.

ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ನ್ಯಾಟ್ ಮಾಡದೆ ಲೈನನ್ನು ಹಾಗೇ ದಾಟಿಸುವ ಬಗೆಗೆ) ಹಾಕಿಸಿ, ಇಂಟರ್ನೆಟ್ ಲೈನಿನ ಪಿಪಿಪಿಒಇ ಲಾಗಿನ್ನನ್ನು ಫೈರ್‌ವಾಲ್‌ನಲ್ಲೇ ಮಾಡಿದ ಮೇಲೆ ಸ್ಟ್ಯಾಟಿಕ್ ಐಪಿ ನೇರವಾಗಿ ಅದಕ್ಕೇ ಬಂತು. ಹಳೆಯ ಕನೆಕ್ಷನ್‌ಗಳನ್ನು ಕ್ಲಿಯರ್ ಮಾಡಿ ಮತ್ತೆ ಕ್ಯಾಪ್ಚರ್ ತೆಗೆದರೆ ಸಿ= ಸಾಲಿನಲ್ಲಿ ಪಬ್ಲಿಕ್ ವಿಳಾಸ. ರಿಸೆಪ್ಷನ್ನಿನಿಂದ ನನ್ನ ಮೊಬೈಲಿಗೆ ಒಂದು ಕರೆ, ಮೊಬೈಲಿನಿಂದ ಅಲ್ಲಿಗೆ ಒಂದು, ಮೂರು ನಿಮಿಷ ಹೋಲ್ಡ್, ಒಂದು ಟ್ರಾನ್ಸ್‌ಫರ್. ಕೊನೆಯದಾಗಿ ಒಂದು ಕರೆಯನ್ನು ಹದಿನೆಂಟು ನಿಮಿಷ ಹಾಗೇ ಬಿಟ್ಟೆವು, ಹದಿನೈದನೆಯ ನಿಮಿಷ ದಾಟುವುದನ್ನು ನೋಡಲು. ದಾಟಿದ ಮೇಲೂ ಆ ಕಡೆಯಿಂದ ರಿಸೆಪ್ಷನ್ನಿನವರ ದನಿ ಬಂತು, "ಸರ್, ಇನ್ನು ಇಡ್ಲಾ? ಬೇರೆ ಕರೆ ಬರ್ತಿದೆ."